ಪಾಠ ಮನೆಗೆ ಬಂತು, ಪುಸ್ತಕ ಬರಲಿಲ್ಲ

ಕೊರೊನಾ ಸೋಂಕಿನಿಂದಾದ ದೇಶದ ಮೊದಲ ಸಾವು 2020ರ ಮಾರ್ಚ್ ಎರಡನೇ ವಾರದಲ್ಲಿ ಕಲಬುರಗಿಯಿಂದ ವರದಿಯಾಯಿತು. ಅದರ ಬೆನ್ನಲ್ಲೇ ರಾಜ್ಯದ ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ಒಂದು ವಾರದ ಮಟ್ಟಿಗೆ ಎಂದು ಬಾಗಿಲು ಮುಚ್ಚಿದವು. ಆ ಒಂದು ವಾರ ಎಂಟು ತಿಂಗಳಾಯಿತು. ನವೆಂಬರ್ 17ರಂದು ಪದವಿ ತರಗತಿಗಳು ಪುನರಾರಂಭಗೊಂಡರೂ ಮರುವರ್ಷ ಏಪ್ರಿಲ್‌ನಲ್ಲಿ ಎರಡನೇ ಅಲೆ ಅಪ್ಪಳಿಸಿ ಜುಲೈವರೆಗೆ ಮತ್ತೆ ಎಲ್ಲವೂ ಸ್ತಬ್ಧವಾಯಿತು. ಈ ಅವಧಿಯಲ್ಲಿ ಉನ್ನತ ಶಿಕ್ಷಣದ ಬಗ್ಗೆ ನಾವು ನಡೆಸಿದ ವಾಗ್ವಾದಗಳನ್ನು ನೆನಪಿಸಿಕೊಂಡರೆ ಅವೆಲ್ಲ ಎರಡೇ ಪ್ರಶ್ನೆಗಳ ಸುತ್ತ ಗಿರಕಿ ಹೊಡೆದದ್ದು ಕಾಣುತ್ತದೆ: ತರಗತಿ ಹೇಗೆ, ಪರೀಕ್ಷೆ ಯಾವಾಗ? ಅಂತಿಮ ವರ್ಷದ ಪರೀಕ್ಷೆಯ ವಿಚಾರವಂತೂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ 2020ರ ಆಗಸ್ಟ್ 28ರ ತೀರ್ಪಿನಿಂದ ಇತ್ಯರ್ಥವಾಗಬೇಕಾಯಿತು. ಪಾಠಕ್ಕೂ ಪರೀಕ್ಷೆಗೂ ನಡುವೆ ಓದು ಎಂಬುದೊಂದಿದೆ, ಅದಕ್ಕೆ ಬೇಕಾದ ಸಾಮಗ್ರಿ ವಿದ್ಯಾರ್ಥಿಗೆ ಎಲ್ಲಿಂದ ಬರುತ್ತಿದೆ ಎಂದು ಕೇಳಿದವರು ವಿರಳ.

ಇದೇನೂ ಸಣ್ಣ ಸಂಖ್ಯೆಯ ಜನರ ಪ್ರಶ್ನೆಯಲ್ಲ. 2019-20ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 3.85 ಕೋಟಿ ವಿದ್ಯಾರ್ಥಿಗಳು ಉನ್ನತ ಶಿಕ್ಷಣ ಪಡೆಯುತ್ತಿದ್ದರು. ಸಾಂಕ್ರಾಮಿಕದ ಆ ಎರಡು ವರ್ಷಗಳಲ್ಲಿ ಪದವಿ ಪಡೆದವರು ಇಂದು ಶಾಲೆಗಳಲ್ಲಿ ಪಾಠ ಮಾಡುತ್ತಿದ್ದಾರೆ, ಕಚೇರಿಗಳಲ್ಲಿ ಕಡತ ನೋಡುತ್ತಿದ್ದಾರೆ. ಅವರು ಏನನ್ನು ಓದಿದರು, ಅದನ್ನು ಹೇಗೆ ಹುಡುಕಿಕೊಂಡರು ಎಂಬುದನ್ನು ಈಗಲಾದರೂ ತಿಳಿಯುವುದು ಅಗತ್ಯ. ಏಕೆಂದರೆ ಅಂದು ಎದುರಾದ ತೊಡಕುಗಳಲ್ಲಿ ಬಹುಪಾಲು ರೋಗಾಣುವಿನಿಂದ ಹುಟ್ಟಿದವಲ್ಲ. ಅವು ಮೊದಲೇ ಇದ್ದವು. ಬಾಗಿಲು ಹಾಕಿದ ಮೇಲೆ ಕಣ್ಣಿಗೆ ಬಿದ್ದವು, ಅಷ್ಟೆ.

ನಮ್ಮ ವಿದ್ಯಾರ್ಥಿ ಸಾಮಾನ್ಯ ಕಾಲದಲ್ಲಿ ಮಾಹಿತಿಯನ್ನು ಹೇಗೆ ಪಡೆಯುತ್ತಾನೆ ಎಂಬುದನ್ನು ಮೊದಲು ಪ್ರಾಮಾಣಿಕವಾಗಿ ನೋಡಬೇಕು. ಪಠ್ಯಕ್ರಮದ ಕೊನೆಯಲ್ಲಿ ಅಚ್ಚಾಗುವ ಆಕರ ಗ್ರಂಥಗಳ ಪಟ್ಟಿಯನ್ನು ಹಿಡಿದು ಗ್ರಂಥಾಲಯಕ್ಕೆ ಹೋಗುವವರು ಕೆಲವರು ಮಾತ್ರ. ಉಳಿದವರಿಗೆ ಅಧ್ಯಾಪಕರು ಬರೆಸಿದ ಟಿಪ್ಪಣಿ, ಹಿಂದಿನ ವರ್ಷದ ವಿದ್ಯಾರ್ಥಿ ಬಿಟ್ಟುಹೋದ ನೋಟ್ಸ್, ಮತ್ತು ಕಾಲೇಜಿನ ಗೇಟಿನೆದುರಿನ ಜೆರಾಕ್ಸ್ ಅಂಗಡಿಯೇ ಆಧಾರ. ಆ ಅಂಗಡಿಯನ್ನು ಹಗುರವಾಗಿ ಕಾಣಬಾರದು. ಯಾವ ಅಧ್ಯಾಪಕರು ಯಾವ ಪುಸ್ತಕದ ಎಷ್ಟನೇ ಅಧ್ಯಾಯವನ್ನು ಓದಲು ಹೇಳಿದ್ದಾರೆ ಎಂಬುದು ಅಂಗಡಿಯಾತನಿಗೆ ಬಾಯಿಪಾಠವಾಗಿರುತ್ತದೆ. ಪುಟಕ್ಕೊಂದು ರೂಪಾಯಿಯ ಲೆಕ್ಕದಲ್ಲಿ ಸಾವಿರಾರು ರೂಪಾಯಿ ಬೆಲೆಯ ವಿದೇಶಿ ಪುಸ್ತಕದ ಸಾರಭಾಗ ಬಡ ವಿದ್ಯಾರ್ಥಿಯ ಕೈ ಸೇರುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶನ ಸಂಸ್ಥೆಗಳು ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ವಿದ್ಯಾರ್ಥಿಗಳ ಪರ ನಿಂತಿತು. ಬೋಧನೆಯ ಅಗತ್ಯಕ್ಕಾಗಿ ಮಾಡುವ ಪ್ರತಿಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ ಎಂಬುದು ಆ ತೀರ್ಪಿನ ತಿರುಳು. ಜ್ಞಾನದ ವಿತರಣೆಯಲ್ಲಿ ಇಂಥ ಅಂಗಡಿಗಳ ಪಾತ್ರವೇನು ಎಂಬುದು ನ್ಯಾಯಾಲಯದ ಕಡತಕ್ಕೆ ಏರಿದ್ದು ಬಹುಶಃ ಅದೇ ಮೊದಲು.

ಲಾಕ್‌ಡೌನ್‌ನಲ್ಲಿ ಆ ಅಂಗಡಿಯೂ ಮುಚ್ಚಿತು. ಹಾಸ್ಟೆಲುಗಳು ಖಾಲಿಯಾದವು. ಸೂಟ್‌ಕೇಸಿನಲ್ಲಿ ನಾಲ್ಕು ಜೊತೆ ಬಟ್ಟೆ ತುಂಬಿಕೊಂಡು ಊರಿಗೆ ಹೊರಟ ಹುಡುಗ ಹುಡುಗಿಯರು ಪುಸ್ತಕಗಳನ್ನು ಕೋಣೆಯಲ್ಲೇ ಬಿಟ್ಟು ಹೋದರು, ವಾರದಲ್ಲಿ ಮರಳುತ್ತೇವೆಂದು. ಹೀಗೆ ಒಂದೇ ಏಟಿಗೆ ನೋಟ್ಸ್, ಅಂಗಡಿ, ಗ್ರಂಥಾಲಯ, ಮತ್ತು ಇವೆಲ್ಲಕ್ಕಿಂತ ಮಿಗಿಲಾಗಿ ಪಕ್ಕದಲ್ಲಿ ಕುಳಿತ ಸಹಪಾಠಿ ದೂರವಾದರು. ಉಳಿದದ್ದು ಕೈಯಲ್ಲಿದ್ದ ಮೊಬೈಲು.

<b>ಮೊಬೈಲಿನೊಳಗಿನ ಗ್ರಂಥಾಲಯ</b>

ಈ ಮೊಬೈಲಿನ ಸ್ಥಿತಿಗತಿಯನ್ನೂ ನೋಡೋಣ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ 2017-18ರಲ್ಲಿ ಗ್ರಾಮೀಣ ಕುಟುಂಬಗಳ ಪೈಕಿ ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟರಲ್ಲಿ, ನಗರಗಳಲ್ಲಿ ಶೇ 23.4. ಇಂಟರ್‌ನೆಟ್ ಸೌಲಭ್ಯವಿದ್ದ ಕುಟುಂಬಗಳು ಹಳ್ಳಿಗಳಲ್ಲಿ ಶೇ 15ರಷ್ಟು, ನಗರಗಳಲ್ಲಿ ಶೇ 42. ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಮುನ್ನೂರು ಪುಟಗಳ ಗ್ರಂಥವನ್ನು ಓದಬೇಕಾಗಿದ್ದದ್ದು ಅಂಗೈಯಗಲದ ಪರದೆಯಲ್ಲಿ. ದಿನಕ್ಕೆ ಒಂದೂವರೆ ಜಿ.ಬಿ. ಎಂಬ ಡೇಟಾ ಪಡಿತರ ಎರಡು ಮೂರು ತರಗತಿಗಳಲ್ಲೇ ಕರಗಿಹೋಗುತ್ತಿತ್ತು. ಪಾಠ ಕೇಳಿದರೆ ಓದಲು ಡೇಟಾ ಇಲ್ಲ, ಓದಲು ಇಳಿಸಿಕೊಂಡರೆ ಪಾಠಕ್ಕೆ ಇಲ್ಲ ಎಂಬ ಆಯ್ಕೆಯನ್ನು ಅರ್ಥಶಾಸ್ತ್ರದ ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ವಿವರಿಸಿರಲಾರದು. ಮಲೆನಾಡು, ಕರಾವಳಿಯ ಕಥೆ ಇನ್ನೂ ಬೇರೆ. ಸುಳ್ಯ ತಾಲ್ಲೂಕಿನಲ್ಲಿ ಸಿಗ್ನಲ್ ಅರಸಿ ರಸ್ತೆಬದಿಗೆ ಬಂದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು 2021ರ ಮುಂಗಾರಿನಲ್ಲಿ ನಾಡೆಲ್ಲ ನೋಡಿತು. ಆಕೆ ಹೈಸ್ಕೂಲಿನ ವಿದ್ಯಾರ್ಥಿನಿ. ಕಾಲೇಜು ವಿದ್ಯಾರ್ಥಿಗಳು ಗುಡ್ಡ ಹತ್ತಿದ್ದು ಸುದ್ದಿಯಾದದ್ದು ಕಡಿಮೆ. ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರ ಟ್ಯಾಬ್ಲೆಟ್ ಹಂಚಿಕೆ ಆರಂಭಿಸಿದ್ದು 2021ರ ಜೂನ್‌ನಲ್ಲಿ, ಮೊದಲ ಬೀಗ ಬಿದ್ದ ಹದಿನೈದು ತಿಂಗಳ ಮೇಲೆ.

ಇಂಥ ಪರಿಸ್ಥಿತಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನೂ ಹೇಳಬೇಕು. ಮನೆಯಲ್ಲೇ ಕುಳಿತು ಬಳಸಬಹುದಾದ ಸಂಪನ್ಮೂಲಗಳ ಪಟ್ಟಿಯನ್ನು ಅದು ಮಾರ್ಚ್ ತಿಂಗಳಲ್ಲೇ ಹೊರಡಿಸಿತು. ಸ್ವಯಂ, ಇ-ಪಿಜಿ ಪಾಠಶಾಲಾ, ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಪಿಎಚ್.ಡಿ. ಪ್ರಬಂಧಗಳ ಭಂಡಾರವಾದ ಶೋಧಗಂಗಾ ಎಲ್ಲವೂ ಅದರಲ್ಲಿದ್ದವು. ಪಟ್ಟಿ ದೊಡ್ಡದು, ಉದ್ದೇಶ ಒಳ್ಳೆಯದು. ಆದರೆ ಸುತ್ತೋಲೆ ಹೊರಡಿಸುವುದಕ್ಕೂ ಸೌಲಭ್ಯ ತಲುಪುವುದಕ್ಕೂ ಇರುವ ಅಂತರವನ್ನು ಮೂರು ದಶಕಗಳ ಕಾಲ ಸರ್ಕಾರಿ ಸೇವೆಯಲ್ಲಿ ಕಂಡ ನನ್ನಂಥವನಿಗೆ ಮುಂದೇನಾಗಿರಬಹುದು ಎಂದು ಊಹಿಸುವುದು ಕಷ್ಟವಾಗಲಿಲ್ಲ. ಆಯೋಗದ ಪತ್ರ ಕುಲಪತಿಗೆ, ಅಲ್ಲಿಂದ ಕುಲಸಚಿವರಿಗೆ, ಅಲ್ಲಿಂದ ಪ್ರಾಂಶುಪಾಲರಿಗೆ ಇಳಿದು, ಕೊನೆಗೆ ವಿಭಾಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸ್ಕ್ಯಾನ್ ಪ್ರತಿಯಾಗಿ ಬಂದು ಬಿತ್ತು. ಸ್ಕ್ಯಾನ್ ಆಗಿದ್ದ ಕಾರಣ ಅದರಲ್ಲಿದ್ದ ಕೊಂಡಿಗಳನ್ನು ಒತ್ತಿದರೆ ತೆರೆಯುತ್ತಿರಲಿಲ್ಲ.

ವಿದ್ಯಾರ್ಥಿಗಳು ತಮ್ಮ ದಾರಿಯನ್ನು ತಾವೇ ಕಂಡುಕೊಂಡರು. ಸೀನಿಯರುಗಳ ವಾಟ್ಸ್‌ಆ್ಯಪ್ ಗುಂಪು, ಟೆಲಿಗ್ರಾಂನಲ್ಲಿ ಓಡಾಡುವ ಪಿಡಿಎಫ್, ಗೂಗಲ್‌ನ ಮೊದಲ ಪುಟ, ಯೂಟ್ಯೂಬ್ ಉಪನ್ಯಾಸ. ಯಾರಿಗೆ ಒಳ್ಳೆಯ ಸಂಪರ್ಕವಿತ್ತೋ ಅವರಿಗೆ ಒಳ್ಳೆಯ ಪುಸ್ತಕ ಸಿಕ್ಕಿತು. ನೆಟ್‌ವರ್ಕ್ ಸಂಪರ್ಕವನ್ನಷ್ಟೇ ಹೇಳುತ್ತಿಲ್ಲ, ಮನುಷ್ಯ ಸಂಪರ್ಕವನ್ನೂ ಸೇರಿಸಿ ಹೇಳುತ್ತಿದ್ದೇನೆ. ಅಣ್ಣನೋ ಅಕ್ಕನೋ ದೊಡ್ಡ ಸಂಸ್ಥೆಯೊಂದರಲ್ಲಿ ಓದುತ್ತಿದ್ದ ಮನೆಯವರಿಗೆ ತೊಂದರೆಯಾಗಲಿಲ್ಲ. ಕುಟುಂಬದಲ್ಲೇ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರಿಗೆ ಆ ಅಣ್ಣ ಅಕ್ಕ ಎಲ್ಲಿಂದ ಬರಬೇಕು?

<b>ಬಾಗಿಲಿದೆ, ಕೀಲಿಕೈ ಇಲ್ಲ</b>

ನನಗೆ ಪರಿಚಯವಿರುವ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ತೊಗರಿ ಮಾರುಕಟ್ಟೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದರು. ಯಾದಗಿರಿ ಜಿಲ್ಲೆಯ ತಮ್ಮ ಹಳ್ಳಿಗೆ ಮರಳಿದ್ದ ಅವರು 2020ರ ಜೂನ್‌ನಲ್ಲಿ ಫೋನ್ ಮಾಡಿ, ‘ಸರ್, ಲೇಖನ ಎಲ್ಲಿದೆ ಅಂತ ಗೊತ್ತಾಗಿದೆ. ನಮ್ಮ ಯೂನಿವರ್ಸಿಟಿ ಅದಕ್ಕೆ ದುಡ್ಡೂ ಕಟ್ಟಿದೆ. ಆದರೆ ಒಳಗೆ ಬಿಡ್ತಿಲ್ಲ’ ಎಂದರು. ಸಂಗತಿ ಇಷ್ಟು: ಅವರ ವಿಶ್ವವಿದ್ಯಾಲಯ ಚಂದಾ ಕಟ್ಟಿದ್ದ ನಿಯತಕಾಲಿಕೆಗಳು ತೆರೆಯುತ್ತಿದ್ದದ್ದು ಆವರಣದೊಳಗಿನ ಕಂಪ್ಯೂಟರುಗಳಲ್ಲಿ ಮಾತ್ರ. ಆವರಣದ ಜಾಲದ ವಿಳಾಸವನ್ನು ಗುರುತು ಹಿಡಿದು ಬಾಗಿಲು ತೆರೆಯುವ ವ್ಯವಸ್ಥೆ ಅದು. ಹೊರಗಿನಿಂದ ಪ್ರವೇಶಿಸಲು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ‘ಇನ್‌ಫೆಡ್’ ಎಂಬ ಏರ್ಪಾಡನ್ನು ಕಲ್ಪಿಸಿತ್ತಾದರೂ ಅದಕ್ಕೆ ವಿಶ್ವವಿದ್ಯಾಲಯವೇ ಸೇರಬೇಕು, ತನ್ನ ವಿದ್ಯಾರ್ಥಿಗಳಿಗೆ ಗುರುತು ನೀಡಬೇಕು. ಈಕೆಯ ವಿಶ್ವವಿದ್ಯಾಲಯದಲ್ಲಿ ಆ ಕೆಲಸ ಆಗಿರಲಿಲ್ಲ. ಗ್ರಂಥಾಲಯಕ್ಕೆ ಬರೆದ ಮಿಂಚಂಚೆಗೆ ಉತ್ತರ ಬರಲಿಲ್ಲ. ಆ ಕೆಲಸ ನೋಡುತ್ತಿದ್ದ ಸಿಬ್ಬಂದಿಯನ್ನು ಕೋವಿಡ್ ಕರ್ತವ್ಯಕ್ಕೆ ನಿಯೋಜಿಸಲಾಗಿದೆ ಎಂದು ಕೆಲವು ವಾರಗಳ ಮೇಲೆ ತಿಳಿಯಿತು. ಕೊನೆಗೆ ದೆಹಲಿಯಲ್ಲಿ ಓದುತ್ತಿದ್ದ ಗೆಳತಿಯ ಗೆಳತಿಯೊಬ್ಬಳು ಹನ್ನೊಂದು ಲೇಖನಗಳನ್ನು ಒಂದೇ ರಾತ್ರಿ ಕಳುಹಿಸಿಕೊಟ್ಟಳು. ಸಾರ್ವಜನಿಕ ಹಣದಿಂದ ಕೊಂಡ ಓದುವ ಹಕ್ಕು ಹೀಗೆ ಕೃಪೆಯಾಗಿ ಪರಿವರ್ತನೆಗೊಂಡಿತು.

ಪದವಿ ಕಾಲೇಜುಗಳ ಪರಿಸ್ಥಿತಿ ಇನ್ನೂ ವಿಲಕ್ಷಣ. ಕಾಲೇಜುಗಳಿಗಾಗಿಯೇ ಇರುವ ಎನ್-ಲಿಸ್ಟ್ ಯೋಜನೆಯಲ್ಲಿ ವರ್ಷಕ್ಕೆ ಸುಮಾರು ಆರು ಸಾವಿರ ರೂಪಾಯಿ ಶುಲ್ಕಕ್ಕೆ ಆರು ಸಾವಿರಕ್ಕೂ ಹೆಚ್ಚು ವಿದ್ವತ್ ನಿಯತಕಾಲಿಕೆಗಳು, ಜೊತೆಗೆ ಲಕ್ಷಾಂತರ ಇ-ಪುಸ್ತಕಗಳು ಆಗ ದೊರೆಯುತ್ತಿದ್ದವು. ನಿಯತಕಾಲಿಕೆಯೊಂದಕ್ಕೆ ವರ್ಷಕ್ಕೆ ಒಂದು ರೂಪಾಯಿ ಬಿದ್ದಂತಾಯಿತು. ಇಷ್ಟು ಅಗ್ಗದ ಸಾರ್ವಜನಿಕ ಸೌಲಭ್ಯ ದೇಶದಲ್ಲಿ ಇನ್ನೊಂದಿತ್ತೇ ಎಂಬುದು ಅನುಮಾನ. ಮೇಲಾಗಿ ಇದು ಆವರಣಕ್ಕೆ ಕಟ್ಟುಬಿದ್ದದ್ದಲ್ಲ. ಪಾಸ್‌ವರ್ಡ್ ಇದ್ದರೆ ಮನೆಯಿಂದಲೂ ಓದಬಹುದು. ಒಂದೇ ಷರತ್ತೆಂದರೆ, ಕಾಲೇಜು ತನ್ನ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಹೆಸರುಗಳನ್ನು ನೋಂದಾಯಿಸಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಪಾಸ್‌ವರ್ಡ್ ಕೊಡಿಸಬೇಕು. ಸಾಂಕ್ರಾಮಿಕಕ್ಕೆ ಹೇಳಿ ಮಾಡಿಸಿದಂತಿದ್ದ ಈ ಯೋಜನೆ ಎಡವಿದ್ದು ಇಲ್ಲಿಯೇ. ನಾನು ಬಲ್ಲ ಒಂದೆರಡು ಕಾಲೇಜುಗಳಲ್ಲಿ ಶುಲ್ಕ ವರ್ಷವರ್ಷವೂ ತಪ್ಪದೆ ಪಾವತಿಯಾಗಿತ್ತು, ನ್ಯಾಕ್ ತಂಡಕ್ಕೆ ತೋರಿಸಬೇಕಾದ ರಸೀದಿ ಜೋಪಾನವಾಗಿತ್ತು, ಪಾಸ್‌ವರ್ಡ್ ಮಾತ್ರ ಅಧ್ಯಾಪಕರ ಮಟ್ಟದಲ್ಲೇ ನಿಂತಿತ್ತು. ಇದು ದುರುದ್ದೇಶವಲ್ಲ. ನೂರಾರು ಹೆಸರುಗಳ ಪಟ್ಟಿಯನ್ನು ತಯಾರಿಸಿ ಸೇರಿಸುವ ಕೆಲಸ ಯಾರದ್ದು ಎಂಬುದು ಯಾವ ಆದೇಶದಲ್ಲೂ ಇರಲಿಲ್ಲ. ಗ್ರಂಥಪಾಲಕರ ಹುದ್ದೆ ಖಾಲಿ ಬಿದ್ದ ಕಾಲೇಜಿನಲ್ಲಿ ಗ್ರಂಥಾಲಯದ ಹೊಣೆ ದೈಹಿಕ ಶಿಕ್ಷಣ ನಿರ್ದೇಶಕರ ಮೇಲೋ ಅತಿಥಿ ಉಪನ್ಯಾಸಕರ ಮೇಲೋ ಬಿದ್ದಿರುವಾಗ ಅವರನ್ನು ದೂರಿ ಫಲವೇನು?

ಗ್ರಂಥಪಾಲಕರ ವಿಚಾರ ಬಂದದ್ದರಿಂದ ಒಂದು ಮಾತು. ಎಲ್ಲವೂ ಅಂತರ್ಜಾಲದಲ್ಲೇ ಸಿಗುವಾಗ ಗ್ರಂಥಪಾಲಕ ಏಕೆ ಎಂಬ ವಾದ ಹಣಕಾಸು ಇಲಾಖೆಯ ಟಿಪ್ಪಣಿಗಳಿಗೆ ತೀರಾ ಒಪ್ಪುವಂಥದ್ದು. ಸಾಂಕ್ರಾಮಿಕ ತೋರಿಸಿಕೊಟ್ಟದ್ದು ಇದರ ವಿರುದ್ಧವನ್ನು. ಕಪಾಟಿನಲ್ಲಿ ಐದು ಪುಸ್ತಕಗಳಿದ್ದರೆ ವಿದ್ಯಾರ್ಥಿ ತಾನೇ ಆರಿಸಿಕೊಂಡಾನು. ಐದು ಲಕ್ಷ ಇದ್ದಾಗ ಯಾವುದು ತನ್ನ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ಹೇಳುವ ಮನುಷ್ಯರು ಬೇಕು. ಆ ಎಂಟು ತಿಂಗಳು ಫೋನಿನಲ್ಲಿ ಸಿಗುವ ಒಬ್ಬ ಗ್ರಂಥಪಾಲಕರಿದ್ದ ಕಾಲೇಜಿಗೂ ಇಲ್ಲದ ಕಾಲೇಜಿಗೂ ಅಜಗಜಾಂತರವಿತ್ತು.

<b>ಮುಕ್ತವಾದದ್ದು ಯಾವುದು, ಯಾರಿಗೆ</b>

ಅರ್ಥಶಾಸ್ತ್ರದಲ್ಲಿ ಸಾರ್ವಜನಿಕ ಸರಕು ಎಂಬ ಪರಿಕಲ್ಪನೆಯನ್ನು ಪಾಲ್ ಸ್ಯಾಮುಯೆಲ್ಸನ್ 1954ರಲ್ಲಿ ಖಚಿತ ರೂಪದಲ್ಲಿ ಮಂಡಿಸಿದರು. ಒಬ್ಬರು ಬಳಸಿದ್ದರಿಂದ ಇನ್ನೊಬ್ಬರಿಗೆ ಕಡಿಮೆಯಾಗದ ವಸ್ತು ಅದು. ವಿದ್ವತ್ ಲೇಖನ ಸ್ವಭಾವತಃ ಅಂಥದ್ದು. ಅದರ ಇನ್ನೊಂದು ಡಿಜಿಟಲ್ ಪ್ರತಿಗೆ ತಗಲುವ ವೆಚ್ಚ ಹೆಚ್ಚುಕಡಿಮೆ ಸೊನ್ನೆ. ಬರೆದವರಿಗೆ ಸಂಭಾವನೆ ಇಲ್ಲ, ಪರಿಶೀಲಿಸಿದವರಿಗೂ ಸಾಮಾನ್ಯವಾಗಿ ಇಲ್ಲ, ಸಂಶೋಧನೆಯ ಖರ್ಚಿನ ಬಹುಭಾಗ ತೆರಿಗೆದಾರರದ್ದು. ಆದರೂ ಒಂದು ಲೇಖನವನ್ನು ಬಿಡಿಯಾಗಿ ಕೊಳ್ಳಲು ಮೂವತ್ತು ನಲವತ್ತು ಡಾಲರ್ ಕೇಳುವುದು ವಾಡಿಕೆ. 1965ರಲ್ಲಿ ಜೇಮ್ಸ್ ಬುಕಾನನ್ ವಿವರಿಸಿದ ‘ಕ್ಲಬ್’ ಮಾದರಿ ಇಲ್ಲಿ ಚೆನ್ನಾಗಿ ಒಪ್ಪುತ್ತದೆ: ಬೇಲಿ ಹಾಕಲು ಸಾಧ್ಯವಿದೆ, ಆದ್ದರಿಂದ ಸದಸ್ಯರಿಗೆ ಮಾತ್ರ ಪ್ರವೇಶ.

ಸಾಂಕ್ರಾಮಿಕ ಆ ಬೇಲಿಯನ್ನು ಕೆಲಕಾಲ ಅಲ್ಲಲ್ಲಿ ಸರಿಸಿತು. ಕೊರೊನಾ ಸಂಬಂಧಿತ ಸಂಶೋಧನೆಗಳನ್ನು ಮುಕ್ತವಾಗಿಡಲು 2020ರ ಜನವರಿ ಕೊನೆಯಲ್ಲೇ ಪ್ರಮುಖ ಪ್ರಕಾಶಕರು ಒಪ್ಪಿದರು. ಶ್ಲಾಘನೀಯವೇ. ಆದರೆ ವೈರಸ್ಸಿನ ಬಗ್ಗೆ ಓದುವವನಿಗೆ ತೆರೆದ ಬಾಗಿಲು ಬ್ರಿಟಿಷ್ ಕಾಲದ ಕಂದಾಯ ಪದ್ಧತಿಯ ಬಗ್ಗೆ ಓದುವವಳಿಗೆ ತೆರೆಯಲಿಲ್ಲ. ಪರೀಕ್ಷೆ, ಪ್ರಬಂಧದ ಗಡುವು ಇಬ್ಬರಿಗೂ ಒಂದೇ ಆಗಿತ್ತು. ಜೆಸ್ಟೋರ್, ಪ್ರಾಜೆಕ್ಟ್ ಮ್ಯೂಸ್‌ನಂಥ ಭಂಡಾರಗಳು ಮಾನವಿಕ ವಿಷಯಗಳ ಒಂದಷ್ಟನ್ನು ತಾತ್ಕಾಲಿಕವಾಗಿ ತೆರೆದವು. ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಇನ್ನೂ ಮುಂದೆ ಹೋಗಿ, ತಾನು ಸ್ಕ್ಯಾನ್ ಮಾಡಿಟ್ಟಿದ್ದ ಸುಮಾರು 14 ಲಕ್ಷ ಪುಸ್ತಕಗಳನ್ನು ಸರದಿಯಿಲ್ಲದೆ ಎರವಲು ಕೊಡುವ ‘ರಾಷ್ಟ್ರೀಯ ತುರ್ತು ಗ್ರಂಥಾಲಯ’ವನ್ನು ಮಾರ್ಚ್ 24ರಂದು, ನಮ್ಮಲ್ಲಿ ಲಾಕ್‌ಡೌನ್ ಘೋಷಣೆಯಾದ ದಿನವೇ, ಆರಂಭಿಸಿತು. ಜೂನ್ ಮೊದಲ ದಿನ ನಾಲ್ಕು ಪ್ರಕಾಶನ ಸಂಸ್ಥೆಗಳು ಮೊಕದ್ದಮೆ ಹೂಡಿದವು. ಎರಡೇ ವಾರದಲ್ಲಿ ಆ ತುರ್ತು ಗ್ರಂಥಾಲಯ ಮುಚ್ಚಿತು. ತೀರ್ಪು 2023ರಲ್ಲಿ ಆರ್ಕೈವ್‌ನ ವಿರುದ್ಧ ಬಂದು, 2024ರಲ್ಲಿ ಮೇಲ್ಮನವಿಯಲ್ಲೂ ಅದೇ ಖಾಯಂ ಆಯಿತು.

ಇನ್ನು ಎಲ್ಲರೂ ಬಳಸಿದ, ಯಾರೂ ಬಾಯಿಬಿಟ್ಟು ಹೇಳದ ದಾರಿಯೊಂದಿದೆ. ಕಜಾಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯನ್ 2011ರಲ್ಲಿ ಆರಂಭಿಸಿದ ಸೈ-ಹಬ್. ಆರು ತಿಂಗಳ ಅವಧಿಯಲ್ಲಿ ಅಲ್ಲಿಂದ ಇಳಿಸಿಕೊಂಡ 2.8 ಕೋಟಿ ಲೇಖನಗಳ ಪೈಕಿ ಸುಮಾರು 34 ಲಕ್ಷ ಭಾರತಕ್ಕೆ ಬಂದಿದ್ದವು ಎಂದು ‘ಸೈನ್ಸ್’ ಪತ್ರಿಕೆ 2016ರಲ್ಲೇ ಲೆಕ್ಕ ಕೊಟ್ಟಿತ್ತು. ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ 2020ರ ಡಿಸೆಂಬರ್‌ನಲ್ಲಿ, ಸಾಂಕ್ರಾಮಿಕ ಇನ್ನೂ ಮುಗಿಯದಿರುವಾಗಲೇ, ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿದವು. 2025ರ ಆಗಸ್ಟ್‌ನಲ್ಲಿ ಆ ತಾಣವನ್ನು ದೇಶದಲ್ಲಿ ನಿರ್ಬಂಧಿಸುವಂತೆ ಆದೇಶವಾಯಿತು. ಕಾನೂನಿನ ದೃಷ್ಟಿಯಿಂದ ಅದು ಕಳ್ಳಮಾಲು ಎಂಬುದರಲ್ಲಿ ನನಗೆ ಗೊಂದಲವಿಲ್ಲ. ಆದರೆ ನ್ಯಾಯಬೆಲೆ ಅಂಗಡಿ ಮುಚ್ಚಿದ ಊರಿನಲ್ಲಿ ಕಾಳಸಂತೆ ಏಕೆ ಬೆಳೆಯಿತೆಂದು ಆಹಾರ ಇಲಾಖೆಯ ಯಾವ ಅಧಿಕಾರಿಯೂ ಆಶ್ಚರ್ಯಪಡುವುದಿಲ್ಲ.

ಸಿಕ್ಕಿದ ಮಾಹಿತಿಯನ್ನು ತೂಗಿ ನೋಡುವ ಸಾಮರ್ಥ್ಯದ ಪ್ರಶ್ನೆಯೂ ಇದೆ. ಸಹವಿದ್ವಾಂಸರ ಪರಿಶೀಲನೆಗೆ ಮೊದಲೇ ಪ್ರಕಟವಾಗುವ ‘ಪ್ರಿಪ್ರಿಂಟ್’ಗಳು ಆ ವರ್ಷ ಪ್ರವಾಹದಂತೆ ಬಂದವು. ಕೊರೊನಾ ವೈರಸ್ಸಿನಲ್ಲಿ ಎಚ್‌ಐವಿಯನ್ನು ಹೋಲುವ ಅಂಶಗಳಿವೆ ಎಂದ ದೆಹಲಿ ಮೂಲದ ಸಂಶೋಧಕರ ಬರಹ 2020ರ ಜನವರಿ ಕೊನೆಯಲ್ಲಿ ಪ್ರಕಟವಾಗಿ, ಟೀಕೆಯ ಸುರಿಮಳೆಯಾದಾಗ ಎರಡು ಮೂರು ದಿನಗಳಲ್ಲೇ ಹಿಂತೆಗೆದುಕೊಳ್ಳಲ್ಪಟ್ಟಿತು. ಪರಿಶೀಲನೆಗೊಳಪಟ್ಟದ್ದೆಲ್ಲ ಪವಿತ್ರವೆಂದೂ ಅಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕಾರಿ ಎಂದು 96 ಸಾವಿರ ರೋಗಿಗಳ ದತ್ತಾಂಶದ ಹೆಸರಿನಲ್ಲಿ ಸಾರಿದ ಲೇಖನವನ್ನು ಪ್ರತಿಷ್ಠಿತ ‘ಲ್ಯಾನ್ಸೆಟ್’ ಮೇ 22ರಂದು ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಪ್ರಯೋಗವನ್ನೇ ತಡೆಹಿಡಿಯಿತು. ದತ್ತಾಂಶವನ್ನು ಪರಿಶೀಲನೆಗೆ ಒದಗಿಸಲಾಗದೆ ಜೂನ್ 4ರಂದು ಲೇಖನ ರದ್ದಾಯಿತು. ಹಿಂತೆಗೆದುಕೊಂಡ ಸುದ್ದಿ, ಮೊದಲು ಪಿಡಿಎಫ್ ಹಂಚಿದ ವಾಟ್ಸ್‌ಆ್ಯಪ್ ಗುಂಪುಗಳಿಗೆ ತಲುಪಿತೇ? ಲೇಖನವೊಂದನ್ನು ಯಾರು, ಎಲ್ಲಿ, ಯಾವಾಗ ಪ್ರಕಟಿಸಿದರು, ಅದು ಈಗಲೂ ಊರ್ಜಿತವಾಗಿದೆಯೇ ಎಂದು ನೋಡಲು ನಮ್ಮ ಪದವಿ ತರಗತಿಗಳಲ್ಲಿ ಒಂದು ಗಂಟೆಯ ತರಬೇತಿಯನ್ನಾದರೂ ಕೊಡುತ್ತೇವೆಯೇ?

ಸರ್ಕಾರದ ಮಾಹಿತಿಯೂ ವಿದ್ಯಾರ್ಥಿಗೆ ಆಕರವೇ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಂಖ್ಯಾಶಾಸ್ತ್ರದವರಿಗಂತೂ ಅದೇ ಉಸಿರು. ರೋಗದ ಅಂಕಿಅಂಶಗಳು ರಾಜ್ಯಗಳಿಂದ ದಿನವೂ ಬಂದವು, ಬಹುಪಾಲು ಪಿಡಿಎಫ್ ಪ್ರಕಟಣೆಗಳಾಗಿ, ಒಂದೊಂದು ರಾಜ್ಯದ್ದು ಒಂದೊಂದು ನಮೂನೆಯಲ್ಲಿ. ಅವನ್ನು ಕೈಯಾರೆ ನಮೂದಿಸಿ, ಯಾರು ಬೇಕಾದರೂ ಬಳಸಬಹುದಾದ ಕೋಷ್ಟಕಗಳನ್ನಾಗಿ ಮಾಡಿದ್ದು ‘ಕೋವಿಡ್19 ಇಂಡಿಯಾ’ ಎಂಬ ಹೆಸರಿನಡಿ ಒಂದುಗೂಡಿದ ಸ್ವಯಂಸೇವಕರು. 2021ರ ಅಕ್ಟೋಬರ್ 31ರವರೆಗೆ ಅವರು ಈ ಕೆಲಸ ನಡೆಸಿದರು. ಅಷ್ಟು ದಿನ ಸಂಶೋಧಕರೂ ಪತ್ರಕರ್ತರೂ ನೆಚ್ಚಿದ್ದು ಅವರನ್ನೇ. ಸರ್ಕಾರಿ ಕಚೇರಿಯಲ್ಲಿ ಆ ಅಂಕಿಗಳು ಮೊದಲು ಕೋಷ್ಟಕವಾಗಿಯೇ ಇದ್ದು, ಪ್ರಕಟಣೆಗೆಂದು ಚಿತ್ರವಾಗಿ ಬದಲಾಗುತ್ತವೆ ಎಂಬುದು ಒಳಗಿನವರಿಗೆ ಗೊತ್ತಿರುವ ಸಂಗತಿ.

<b>ಕನ್ನಡದಲ್ಲಿ ಹುಡುಕಿದವರು</b>

ಇಷ್ಟು ಹೊತ್ತು ಹೇಳಿದ್ದೆಲ್ಲ ಇಂಗ್ಲಿಷ್ ಓದಬಲ್ಲವರ ಕಷ್ಟ. ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಕಲಾ ವಿಷಯಗಳನ್ನು ಓದುವವರಲ್ಲಿ ಬಹಳಷ್ಟು ಮಂದಿ ಕನ್ನಡದಲ್ಲಿ ಓದಿ ಕನ್ನಡದಲ್ಲೇ ಉತ್ತರ ಬರೆಯುವವರು. ಆಯೋಗದ ಪಟ್ಟಿಯ ಸಂಪನ್ಮೂಲಗಳಲ್ಲಿ ಅವರ ಪಾಲಿಗೆ ದಕ್ಕುವಂಥದ್ದು ಅತ್ಯಲ್ಪ. ಸರ್ಕಾರದ ‘ಕಣಜ’, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’, ರಾಜ್ಯ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ ಇವೆ, ಉಪಯುಕ್ತವೂ ಹೌದು. ಆದರೆ ಬಿ.ಎ. ಅಂತಿಮ ವರ್ಷದ ಸಾರ್ವಜನಿಕ ಹಣಕಾಸು ಪತ್ರಿಕೆಗೋ ಎಂ.ಎ. ಇತಿಹಾಸಕ್ಕೋ ಬೇಕಾದ ಗ್ರಂಥಗಳು ಅವುಗಳಲ್ಲಿ ಹುಡುಕಿದರೆ ಸುಲಭವಾಗಿ ಸಿಗುವುದಿಲ್ಲ.

ಹಾಗೆಂದು ಕನ್ನಡದಲ್ಲಿ ಅಂಥ ಗ್ರಂಥಗಳೇ ಇಲ್ಲವೆಂದಲ್ಲ. ಅದೇ ಬೇಸರದ ಸಂಗತಿ. ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲಿ ಆರಂಭಿಸಿದ ಪ್ರಚಾರೋಪನ್ಯಾಸ ಮಾಲೆಯಲ್ಲಿ ಹಳ್ಳಿಯ ಜನರಿಗೂ ಅರ್ಥವಾಗುವಂತೆ ವಿಜ್ಞಾನ, ಇತಿಹಾಸ, ಆರ್ಥಿಕ ವಿಷಯಗಳ ಕಿರುಹೊತ್ತಿಗೆಗಳು ಬಂದವು. ಮೈಸೂರು, ಧಾರವಾಡ, ಬೆಂಗಳೂರು, ಹಂಪಿ ಹೀಗೆ ಒಂದೊಂದು ವಿಶ್ವವಿದ್ಯಾಲಯದ ಪ್ರಸಾರಾಂಗವೂ ದಶಕಗಳ ಕಾಲ ಪ್ರಕಟಿಸಿದ ಪುಸ್ತಕಗಳನ್ನು ಸಾಲಾಗಿ ಜೋಡಿಸಿದರೆ ದೊಡ್ಡ ಗ್ರಂಥಾಲಯವೇ ಆದೀತು. ಇವುಗಳ ಹಕ್ಕುಸ್ವಾಮ್ಯ ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಬಳಿಯೇ ಇರಬೇಕು. ಯಾವ ವಿದೇಶಿ ಪ್ರಕಾಶಕರ ಜೊತೆಗೂ ಚೌಕಾಸಿ ಬೇಕಿಲ್ಲ. ಆದರೂ ಅವುಗಳಲ್ಲಿ ಹೆಚ್ಚಿನವು ಮರುಮುದ್ರಣವಿಲ್ಲದೆ, ಉಳಿದವು ಗೋದಾಮುಗಳಲ್ಲಿ ದೂಳು ತಿನ್ನುತ್ತ ಇವೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ನಡೆದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದದ್ದು ನಿಜ. ಆದರೆ ಅವುಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ದಾಖಲಿಸದೆ ರೋಮನ್ ಅಕ್ಷರಗಳಲ್ಲಿ ಮನಬಂದಂತೆ ನಮೂದಿಸಿದ್ದರಿಂದ, ಪುಸ್ತಕ ಎದುರಿಗಿದ್ದರೂ ಹುಡುಕುವವನಿಗೆ ಕಾಣದು. ಆ ತಾಣವೂ ಈಗ ಇಲ್ಲ. ಅದರ ಪ್ರತಿಗಳು ಉಳಿದಿರುವುದು ಮೇಲೆ ಹೇಳಿದ ಅಮೆರಿಕದ ಆರ್ಕೈವ್‌ನಲ್ಲಿ. ಅವುಗಳಿಗೆ ಸರಿಯಾದ ಕನ್ನಡ ಶೀರ್ಷಿಕೆ ಹಚ್ಚಿ, ಹೊಸದಾಗಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಸೇರಿಸುತ್ತಿರುವವರು ನಮ್ಮ ನಡುವಿನ ಕೆಲವು ಉತ್ಸಾಹಿಗಳು. ಬಿಡುವಿನ ವೇಳೆಯಲ್ಲಿ ಅವರು ಮಾಡುತ್ತಿರುವುದು ಹತ್ತಾರು ವಿಶ್ವವಿದ್ಯಾಲಯಗಳು ಮಾಡಬೇಕಾಗಿದ್ದ ಕೆಲಸ.

ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ; 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13 ಸಾವಿರ ನಿಯತಕಾಲಿಕೆಗಳು; ಕೇಂದ್ರ, ರಾಜ್ಯ ಸರ್ಕಾರಗಳ ಅಧೀನದ 6,300 ಸಂಸ್ಥೆಗಳು; 1.8 ಕೋಟಿ ವಿದ್ಯಾರ್ಥಿ, ಅಧ್ಯಾಪಕ, ಸಂಶೋಧಕರು. ದೇಶದ ಪರವಾಗಿ ಒಂದೇ ಕಡೆಯಿಂದ ಚೌಕಾಸಿ ಮಾಡುವ ಈ ನೀತಿ ಸರಿಯಾದದ್ದು, ತಡವಾಗಿಯಾದರೂ ಬಂದದ್ದು ಸಂತೋಷ. ಖಾಸಗಿ ಆಡಳಿತದ ಕಾಲೇಜುಗಳ ವಿದ್ಯಾರ್ಥಿಗಳು ಇದರ ಹೊರಗಿದ್ದಾರೆಂಬುದು ಒಂದು ಕೊರತೆ. ಇಷ್ಟೆಲ್ಲ ಹಣಕ್ಕೆ ಭಾರತೀಯ ಭಾಷೆಗಳ ಒಂದು ಪುಸ್ತಕವೂ ಮುಕ್ತವಾಗುವುದಿಲ್ಲ ಎಂಬುದು ಇನ್ನೊಂದು. ಆದರೆ ನನ್ನ ಆತಂಕ ಹಳೆಯದೇ: 1.8 ಕೋಟಿ ಎಂಬುದು ಅರ್ಹರ ಸಂಖ್ಯೆ. ಅವರಲ್ಲಿ ಎಷ್ಟು ಮಂದಿಯ ಕೈಯಲ್ಲಿ, ಆವರಣದ ಹೊರಗಿದ್ದಾಗಲೂ ಕೆಲಸ ಮಾಡುವ ಪ್ರವೇಶವಿದೆ?

ಇದಕ್ಕೆ ದೊಡ್ಡ ಸಮಿತಿಗಳೇನೂ ಬೇಕಿಲ್ಲ. ಪ್ರವೇಶಾತಿಯ ದಿನ ಶುಲ್ಕದ ರಸೀದಿಯ ಜೊತೆಗೇ ವಿದ್ಯಾರ್ಥಿಗೆ ಗ್ರಂಥಾಲಯದ ದೂರಪ್ರವೇಶದ ಗುರುತು, ಪಾಸ್‌ವರ್ಡ್ ಕೊಡತಕ್ಕದ್ದು, ಇದರ ಹೊಣೆ ಇಂಥ ಹುದ್ದೆಯವರದ್ದು ಎಂದು ಸ್ಪಷ್ಟಪಡಿಸುವ ಎರಡು ಸಾಲಿನ ಆದೇಶ ಸಾಕು. ಖಾಲಿ ಬಿದ್ದ ಗ್ರಂಥಪಾಲಕರ ಹುದ್ದೆಗಳನ್ನು ತುಂಬುವುದಕ್ಕೆ ಹಣ ಬೇಕು, ನಿಜ. ಆದರೆ ಆರು ಸಾವಿರ ಕೋಟಿಯ ಚಂದಾ ಕಟ್ಟುವ ವ್ಯವಸ್ಥೆ ಅದನ್ನು ಬಳಸಲು ಕಲಿಸುವವರ ಸಂಬಳವನ್ನು ದುಂದುವೆಚ್ಚವೆಂದು ಕರೆಯಲಾಗದು. ಪ್ರಸಾರಾಂಗಗಳ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಕನ್ನಡ ಲಿಪಿಯಲ್ಲಿ ಹೆಸರು ಹಚ್ಚಿ, ಯಾವ ಪಾಸ್‌ವರ್ಡೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಡುವ ತೀರ್ಮಾನವನ್ನು ಆಯಾ ವಿಶ್ವವಿದ್ಯಾಲಯಗಳ ಸಿಂಡಿಕೇಟುಗಳೇ ತೆಗೆದುಕೊಳ್ಳಬಹುದು. ಮೂರು ವರ್ಷಗಳ ಚಂದಾ ಅವಧಿ 2027ರ ಡಿಸೆಂಬರ್‌ಗೆ ಕೊನೆಗೊಳ್ಳುತ್ತದೆ. ಅದರ ನವೀಕರಣದ ಮಾತುಕತೆ ಶುರುವಾಗುವ ಮುನ್ನ ರಾಜ್ಯದ ಉನ್ನತ ಶಿಕ್ಷಣ ಇಲಾಖೆ ಪ್ರತಿ ಸರ್ಕಾರಿ ಕಾಲೇಜಿನಿಂದ ಒಂದೇ ಒಂದು ಅಂಕಿಯನ್ನು ತರಿಸಿಕೊಳ್ಳಲಿ: ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅಲ್ಲಿಂದಲೇ ಒಂದು ಲೇಖನವನ್ನಾದರೂ ತೆರೆದು ಓದಿದರು ಎಂದು.